ಮೂವತ್ತೇಳನೆಯ ಪುಟ

ಮಂಗಳವಾರ ಹತ್ತೂಕಾಲಿಗೆ ನನ್ನ ಪುಸ್ತಕದ ವ್ಯಾನು
ಗ್ರಿಮ್ಸ್‌ಬಿಯ ಬಂದರಿನ ಹಿಂದೆ, ಮೀನಿಗೆ ಹೊಗೆ ಕೊಡುವ ಗೂಡುಗಳ ಪಕ್ಕ
ನಿಲ್ಲುತ್ತದೆ. ಇಪ್ಪತ್ತೆರಡು ವರ್ಷವಾಯಿತು.
ನಾನು ಓದುವ ಪೈಕಿಯಲ್ಲ.
ಸ್ಟಿಯರಿಂಗು, ತಾರೀಖಿನ ಮೊಹರು, ಮಡಚುವ ಎರಡು ಮೆಟ್ಟಿಲು:
ಇಷ್ಟೇ ನನ್ನ ಪಾಲಿನ ಸಾಹಿತ್ಯ.

ಎಡಗಡೆಯ ಮೂರು ಅರೆಗಳ ತುಂಬ ಅವಳೇ.
ಹತ್ತೊಂಬತ್ತು ತುಂಬಿದೆ; ಇನ್ನೂರು ವರ್ಷದಿಂದ ಇಪ್ಪತ್ತಾಗಿಲ್ಲ.
ಒಂದರಲ್ಲಿ ಥಿಯೊಡೋಸಿಯಾ, ಒಂದರಲ್ಲಿ ಕ್ಲೆಮೆನ್ಸಿ,
ಆನರಿಯಾ ಎಂದು ಕರೆದದ್ದೂ ಉಂಟು.
ರಟ್ಟಿನ ಮೇಲೆ ಅದೇ ಉದ್ದ ಕತ್ತು, ಮುಖ ತಿರುಗಿಸಿದ ಭಂಗಿ.
ಅಪ್ಪನಿಗೆ ಸಾಲ, ಅಣ್ಣನಿಗೆ ಇಸ್ಪೀಟು,
ಸೋದರತ್ತೆಯ ಕೈಯಲ್ಲಿ ಗಂಡುಗಳ ಪಟ್ಟಿ, ಆಸ್ತಿಯ ಪ್ರಕಾರ.
ಲಂಡನ್ನಿನಲ್ಲಿ ಒಂದೇ ವಸಂತದ ಗಡುವು;
ಜೂನ್ ದಾಟಿದರೆ ಹಳಸಿದ ಹುಡುಗಿ.
ಮೊಣಕೈ ಮೀರಿದ ಬಿಳಿ ಕೈಗವಸು,
ಒಗೆದವರು ಯಾರೆಂದು ಯಾವ ಪುಸ್ತಕವೂ ಹೇಳುವುದಿಲ್ಲ.

ಅವಳನ್ನು ಒಯ್ಯಲು ಬರುವವು
ನಲವತ್ತು ವರ್ಷ ಮೀನು ಸೀಳಿದ ಕೈಗಳು:
ಥೋರಾ ಸ್ಟೇನ್‌ಟನ್, ಐರಿಸ್ ಮಂಬಿ, ಎನಿಡ್ ಬ್ಲೋ.
ಇವರ ಹತ್ತೊಂಬತ್ತು ಬೇರೆ. ಬೆಳಗಿನ ಐದರ ಸೈರನ್ನು,
ಮಂಜುಗಡ್ಡೆಯ ತೊಟ್ಟಿ, ಚೂರಿ ತಾಗದಂತೆ
ಬೆರಳು ಬೆರಳಿಗೂ ಸುತ್ತಿದ ಹತ್ತಿಬಟ್ಟೆ.
ಅದೂ ಬಿಳಿಯೇ, ಎಂಟು ಗಂಟೆಯವರೆಗೆ, ಎನ್ನುತ್ತಿದ್ದಳು ಎನಿಡ್.

ವಾರಕ್ಕೆ ಆರು ಪುಸ್ತಕ.
ಓದಿದ್ದೋ ಓದದ್ದೋ, ರಟ್ಟು ನೋಡಿ ದೇವರೂ ಹೇಳಲಾರ.
ಅದಕ್ಕೇ ಗುಟ್ಟಿನದೊಂದು ಗುರುತು, ಪುಟ ಮೂವತ್ತೇಳರ ಅಂಚಿಗೆ:
ಥೋರಾಳದು ಗುಣಿಸುವ ಚಿಹ್ನೆ, ಐರಿಸಳದು ಮೀನಿನ ಬಾಲ,
ಎನಿಡಳದು ಲಂಗರು. ಪೆನ್ಸಿಲ್ ಒತ್ತಿ ಒತ್ತಿ ಬರೆಯುತ್ತಿದ್ದಳು,
ಗಂಡ ಹೋದ ದೋಣಿಯ ಹೆಸರನ್ನು ಎಂದೂ ಬಾಯಿಬಿಡದವಳು.

ಹೋದ ಚಳಿಗಾಲ ಕಚೇರಿಯಿಂದ ಕಾಗದ ಬಂತು:
ಗೀಚಿದ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕತಕ್ಕದ್ದು.
ಎರಡು ಪೆಟ್ಟಿಗೆ ರಬ್ಬರು ತಂದೆ.
ಅಡುಗೆಮನೆಯ ಮೇಜಿಗೆ ಕೂತು, ರೇಡಿಯೋದಲ್ಲಿ ಕಡಲ ಹವಾಮಾನ ಕೇಳುತ್ತ
ಅಳಿಸಿದೆ. ನಾನೂರ ಹನ್ನೊಂದು ಪುಸ್ತಕ.
ಎಲ್ಲವನ್ನೂ ಉಳಿಸಿದೆನೆಂದು ಎದೆಯುಬ್ಬಿಸಿ ಹೊರಟೆ ಮಂಗಳವಾರ.

ಎರಡು ವಾರ ಕಳೆದು ಥೋರಾ ಮೆಟ್ಟಿಲು ಹತ್ತಿದಳು, ಮುಖ ಕೆಂಡ.
"ಆ ಡ್ಯೂಕನನ್ನು ನಾಲ್ಕನೇ ಸಲ ಮದುವೆಯಾದೆನಲ್ಲ ಮಹರಾಯ!
ಇನ್ನೂರನೇ ಪುಟದ ತನಕ ಅವನಿಗೂ ಗುರುತು ಹತ್ತಲಿಲ್ಲ, ನನಗೂ.
ಯಾರು ನನ್ನನ್ನು ಅಳಿಸಿದವರು?"
ನಾನು ಮೊಹರಿನ ತಾರೀಖು ತಿರುಗಿಸುತ್ತ ನಿಂತೆ.
ಐರಿಸ್ ನಕ್ಕಳು: "ಈ ಸಲವಾದರೂ ಬೇಡವೆನ್ನಬಹುದಿತ್ತಲ್ಲೇ ನೀನು."
"ಅಂದೆ," ಎಂದಳು ಥೋರಾ, "ನಾಲ್ಕು ಸಲವೂ ಅಂದೆ.
ಅವಳು ಕೇಳಬೇಕಲ್ಲ."

ಎನಿಡ್ ಇರಲಿಲ್ಲ. ನವೆಂಬರಿನಲ್ಲೇ ಮುಗಿದಿತ್ತು ಅವಳ ಕಾರ್ಡು.
ಒಂದು ಸಂಜೆ, ಕಾರಣವೇನೂ ಇಲ್ಲ, ವ್ಯಾನಿನ ಹಳದಿ ದೀಪದಡಿ
ಅವಳು ಕಡೆಯದಾಗಿ ಮರಳಿಸಿದ್ದನ್ನು ತೆರೆದೆ.
ಪುಟ ಮೂವತ್ತೇಳು, ಬೋಳು. ನನ್ನದೇ ಕೈಚಳಕ.
ಬೆಳಕಿಗೆ ಓರೆಯಾಗಿ ಹಿಡಿದೆ:
ಸೀಸ ಹೋಗಿದೆ, ಒತ್ತು ಹೋಗಿಲ್ಲ.
ಕಾಗದದ ಮೈಯಲ್ಲಿ ಲಂಗರು, ಮಾಗಿದ ಗಾಯದ ಹಾಗೆ.
ಬೆರಳಿಟ್ಟೆ.

ಆಮೇಲೆ, ಮೊದಲ ಸಲ, ಒಂದು ಪುಟ ಪೂರ್ತಿ ಓದಿದೆ.
ಥಿಯೊಡೋಸಿಯಾ ಮೆಟ್ಟಿಲಿಳಿಯುತ್ತಿದ್ದಾಳೆ.
ಕೆಳಗೆ ಪಿಟೀಲು, ಮೇಣದಬತ್ತಿ, ಸೋದರತ್ತೆ.
ಒಂದು ಕೈಗೆ ಗವಸು ಹಾಕಿದೆ. ಇನ್ನೊಂದು, ಬರಿಗೈ,
ಕಂಬಿಯನ್ನು ಒತ್ತಿ ಹಿಡಿದಿದೆ.
ಯಾರೂ ಇನ್ನೂ ಅವಳನ್ನು ನೋಡಿಲ್ಲ.